ಒಂದು ಮಂಗಕ್ಕೆ ಸಹಚರ, ಇನ್ನೊಂದಕ್ಕೆ ಮೃತ್ಯು: ಕ್ಯಾನ್ಸರ್ ತರುವ ಹರ್ಪಿಸ್ ವೈರಸ್‌ಗಳು

ದಕ್ಷಿಣ ಅಮೆರಿಕದ ಮಳೆಕಾಡುಗಳಲ್ಲಿ ವಾಸಿಸುವ ಅಳಿಲು ಮಂಗಗಳ ದೇಹದಲ್ಲಿ ಒಂದು ವೈರಸ್ ಬಿಡಾರ ಹೂಡಿದೆ. ಎಳವೆಯಲ್ಲೇ ಜೊಲ್ಲಿನ ಮೂಲಕ ಅಂಟಿಕೊಳ್ಳುವ ಇದು ಮಂಗ ಸಾಯುವವರೆಗೂ ಅದರ ಜತೆಗಿರುತ್ತದೆ. ಇದರಿಂದ ಮಂಗಕ್ಕೆ ಯಾವ ಬಾಧೆಯೂ ಇಲ್ಲ. ಆದರೆ ಇದೇ ವೈರಸ್ ಅದೇ ಖಂಡದ ಮಾರ್ಮೊಸೆಟ್, ಟಾಮರಿನ್ ಅಥವಾ ಗೂಬೆ ಮಂಗಗಳ ದೇಹವನ್ನು ಹೊಕ್ಕರೆ, ಕೆಲವೇ ವಾರಗಳಲ್ಲಿ ದುಗ್ಧಗ್ರಂಥಿಗಳೂ ಗುಲ್ಮವೂ ಊದಿಕೊಂಡು, ಬಿಳಿ ರಕ್ತಕಣಗಳ ಕ್ಯಾನ್ಸರಿಗೆ ಅವು ಬಲಿಯಾಗುತ್ತವೆ.

ಇದನ್ನು ಮೊದಲು ಗುರುತಿಸಿದವರು ಲೂಯಿಸ್ ಮೆಲೆಂಡೆಜ್ ಮತ್ತು ಸಂಗಡಿಗರು. ಹಾರ್ವರ್ಡ್ ವಿಶ್ವವಿದ್ಯಾಲಯವು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸೌತ್‌ಬರೋದಲ್ಲಿ ಆಗ ನಡೆಸುತ್ತಿದ್ದ ವಾನರ ಸಂಶೋಧನಾ ಕೇಂದ್ರದಲ್ಲಿ, ಆರೋಗ್ಯವಂತ ಅಳಿಲು ಮಂಗದ ಮೂತ್ರಪಿಂಡದ ಜೀವಕೋಶಗಳಿಂದ 1968ರಲ್ಲಿ ಅವರು ಈ ವೈರಸ್ಸನ್ನು ಬೇರ್ಪಡಿಸಿದರು. ಅಳಿಲು ಮಂಗದ ಶಾಸ್ತ್ರೀಯ ನಾಮವನ್ನೇ ಅನುಸರಿಸಿ ಅದು ‘ಹರ್ಪಿಸ್‌ವೈರಸ್ ಸಾಯ್ಮಿರಿ’ ಎನಿಸಿಕೊಂಡಿತು.

ಮಂಗ ಮತ್ತು ವೈರಸ್ ಎಂದೊಡನೆ ಮಲೆನಾಡಿನ ಓದುಗರಿಗೆ ನೆನಪಾಗುವ ಕ್ಯಾಸನೂರು ಕಾಡಿನ ಕಾಯಿಲೆಗೂ ಇದಕ್ಕೂ ಸಂಬಂಧವಿಲ್ಲ. ಅದು ಉಣ್ಣೆಯಿಂದ ಹರಡುವ ಬೇರೆಯೇ ಜಾತಿಯ ವೈರಸ್. ಹರ್ಪಿಸ್ ಕುಟುಂಬದ ನಮ್ಮ ಪರಿಚಿತ ಸದಸ್ಯನೆಂದರೆ ಸೀತಾಳೆ ಸಿಡುಬಿನ ವೈರಸ್. ಬಾಲ್ಯದಲ್ಲಿ ಬಂದು ಹೋಯಿತೆಂದು ನಾವು ಭಾವಿಸುವ ಅದು ನರಗಳ ಬುಡದಲ್ಲಿ ಅಡಗಿದ್ದು, ವೃದ್ಧಾಪ್ಯದಲ್ಲಿ ಸರ್ಪಸುತ್ತಾಗಿ ಮರಳುತ್ತದೆ. ಒಮ್ಮೆ ಹೊಕ್ಕರೆ ಬಿಟ್ಟು ಹೋಗದಿರುವುದೇ ಈ ಕುಟುಂಬದ ಲಕ್ಷಣ.

ಹಾಗಾದರೆ ಒಂದು ಮಂಗ ಉಳಿದು ಇನ್ನೊಂದು ಸಾಯುವುದೇಕೆ? ಅಳಿಲು ಮಂಗವೂ ಅದರ ವೈರಸ್ಸೂ ಅಸಂಖ್ಯ ತಲೆಮಾರುಗಳಿಂದ ಒಟ್ಟಿಗೆ ಬಾಳಿ ಬಂದಿವೆ. ಅದರ ರೋಗನಿರೋಧಕ ವ್ಯವಸ್ಥೆ ವೈರಸ್ಸನ್ನು ಹದ್ದುಬಸ್ತಿನಲ್ಲಿಡುತ್ತದೆ. ಟಾಮರಿನ್‌ನಂಥ ಅಪರಿಚಿತ ದೇಹದಲ್ಲಿ ಈ ಕಡಿವಾಣವಿಲ್ಲ. ವೈರಸ್ಸಿನ ಪ್ರೊಟೀನುಗಳು ಟಿ ಕಣಗಳೆಂಬ ಬಿಳಿ ರಕ್ತಕಣಗಳಿಗೆ ಎಡೆಬಿಡದೆ ವಿಭಜಿಸುವಂತೆ ಆಜ್ಞಾಪಿಸುತ್ತವೆ. ಕುತೂಹಲದ ಸಂಗತಿಯೆಂದರೆ, ಈ ವೈರಸ್ ಮಂಗದ ವಂಶವಾಹಿಗಳನ್ನೇ ಕದ್ದು ತನ್ನದಾಗಿಸಿಕೊಂಡಿದೆ. ಅವುಗಳಲ್ಲೊಂದು ಉರಿಯೂತವನ್ನು ಪ್ರಚೋದಿಸುವ ಇಂಟರ್‌ಲ್ಯೂಕಿನ್-17ರ ವಂಶವಾಹಿ. 1990ರ ದಶಕದಲ್ಲಿ ಆ ಪ್ರೊಟೀನಿನ ಗುರುತು ಹಿಡಿಯಲು ವೈರಸ್ಸಿನಲ್ಲಿದ್ದ ಈ ಪ್ರತಿಯೂ ನೆರವಾಯಿತು. ಅದನ್ನು ತಡೆಯುವ ಔಷಧಗಳನ್ನು ಇಂದು ಸೋರಿಯಾಸಿಸ್ ರೋಗಿಗಳಿಗೆ ನೀಡಲಾಗುತ್ತಿದೆ.

ಮನುಷ್ಯರಿಗೂ ಇಂಥ ಸಹವಾಸಿಗಳುಂಟು. 1964ರಲ್ಲಿ ಆಂಥೊನಿ ಎಪ್ಸ್‌ಟೀನ್, ಬರ್ಟ್ ಅಚಾಂಗ್ ಮತ್ತು ಯವೊನ್ ಬಾರ್ ಅವರು ಆಫ್ರಿಕಾದ ಮಕ್ಕಳನ್ನು ಕಾಡುವ ಬರ್ಕಿಟ್ ಲಿಂಫೋಮಾ ಗೆಡ್ಡೆಯ ಜೀವಕೋಶಗಳಲ್ಲಿ ಪತ್ತೆಹಚ್ಚಿದ ಎಪ್ಸ್‌ಟೀನ್-ಬಾರ್ ವೈರಸ್ ಜಗತ್ತಿನ ವಯಸ್ಕರಲ್ಲಿ ಶೇ. 90ಕ್ಕೂ ಹೆಚ್ಚು ಮಂದಿಯಲ್ಲಿದೆ. ಬಹುಪಾಲು ಜನರಿಗೆ ಅದು ಇರುವುದೇ ತಿಳಿಯುವುದಿಲ್ಲ. ಮಲೇರಿಯಾ ಪೀಡಿತ ಆಫ್ರಿಕಾದ ಮಕ್ಕಳಲ್ಲಿ, ಅಂಗಾಂಗ ಕಸಿಯ ಬಳಿಕ ಪ್ರತಿರೋಧ ತಗ್ಗಿಸುವ ಔಷಧ ಸೇವಿಸುವವರಲ್ಲಿ, ಏಡ್ಸ್ ರೋಗಿಗಳಲ್ಲಿ ಮಾತ್ರ ಅದು ಕ್ಯಾನ್ಸರಿಗೆ ದಾರಿ ಮಾಡುವ ಸಂಭವ ಹೆಚ್ಚು. ದಕ್ಷಿಣ ಚೀನಾದಲ್ಲೂ ನಮ್ಮ ನಾಗಾಲ್ಯಾಂಡಿನಲ್ಲೂ ಹೆಚ್ಚಾಗಿ ಕಾಣುವ ಮೂಗು-ಗಂಟಲಿನ ಕ್ಯಾನ್ಸರಿನೊಂದಿಗೂ ಅದರ ನಂಟಿದೆ. ಮಂಗಗಳಲ್ಲಿ ಎರಡು ಜಾತಿಗಳ ನಡುವೆ ಕಂಡ ಅಂತರ ಇಲ್ಲಿ ಮನುಷ್ಯ ಮನುಷ್ಯರ ನಡುವೆಯೇ ಕಾಣುತ್ತದೆ.

1994ರಲ್ಲಿ ಯುವಾನ್ ಚಾಂಗ್ ಮತ್ತು ಪ್ಯಾಟ್ರಿಕ್ ಮೂರ್ ದಂಪತಿ ಏಡ್ಸ್ ರೋಗಿಯ ಕಪೋಸಿ ಸಾರ್ಕೋಮಾ ಗೆಡ್ಡೆಯಲ್ಲಿ ಅಪರಿಚಿತ ಡಿಎನ್ಎ ತುಣುಕುಗಳನ್ನು ಕಂಡರು. ಅವು ಯಾವುದಕ್ಕೆ ಸೇರಿದವೆಂದು ಊಹಿಸಲು ಸಾಧ್ಯವಾದದ್ದು ಎಪ್ಸ್‌ಟೀನ್-ಬಾರ್ ಮತ್ತು ಸಾಯ್ಮಿರಿ ವೈರಸ್‌ಗಳೊಂದಿಗೆ ಹೋಲಿಸಿದ್ದರಿಂದ. ಅಳಿಲು ಮಂಗದ ವೈರಸ್ಸಿನ ಸಂಪೂರ್ಣ ವಂಶವಾಹಿ ಸರಣಿ ಎರಡೇ ವರ್ಷಗಳ ಹಿಂದೆ ಪ್ರಕಟವಾಗಿತ್ತು. ಹೀಗೆ ಮಾನವನ ಎಂಟನೆಯ ಹರ್ಪಿಸ್ ವೈರಸ್ ಬೆಳಕಿಗೆ ಬಂತು.

ಸಾಯ್ಮಿರಿ ವೈರಸ್ ಪ್ರಯೋಗಾಲಯದಲ್ಲಿ ಮಾನವನ ಟಿ ಕಣಗಳನ್ನು ಅಮರವಾಗಿಸಬಲ್ಲದು. ಆದರೆ ಅದರಿಂದ ಮನುಷ್ಯರಿಗೆ ಕ್ಯಾನ್ಸರ್ ಬಂದದ್ದು ದಾಖಲಾಗಿಲ್ಲ. ಮಂಗ ಕಚ್ಚಿ ಮನುಷ್ಯನ ಮೆದುಳಿಗೆ ಮಾರಕವಾಗುವ ‘ಬಿ ವೈರಸ್’ ಇದೇ ಕುಟುಂಬದ್ದಾದರೂ ಅದು ಕ್ಯಾನ್ಸರ್ ತರುವುದಿಲ್ಲ.

ಈ ಜ್ಞಾನಕ್ಕೆ ಬೆಲೆ ತೆತ್ತವರಲ್ಲಿ ಕೊಲಂಬಿಯಾದ ಬಿಳಿಜುಟ್ಟಿನ ಪುಟ್ಟ ಟಾಮರಿನ್‌ಗಳೂ ಸೇರಿವೆ. ಎಪ್ಸ್‌ಟೀನ್-ಬಾರ್ ವೈರಸ್ ಅವುಗಳಲ್ಲಿ ಲಿಂಫೋಮಾ ಉಂಟುಮಾಡುವುದು 1973ರಲ್ಲಿ ತಿಳಿಯಿತು. 1985ರಲ್ಲಿ ಎಪ್ಸ್‌ಟೀನ್ ಅವರ ತಂಡ ಒಂದು ಪ್ರಾಯೋಗಿಕ ಲಸಿಕೆಯಿಂದ ಅವುಗಳನ್ನು ರಕ್ಷಿಸಿ ತೋರಿಸಿತು. ಅಷ್ಟರಲ್ಲಾಗಲೇ ವೈದ್ಯಕೀಯ ಸಂಶೋಧನೆಗೆಂದು ಸುಮಾರು 20,000ದಿಂದ 40,000 ಟಾಮರಿನ್‌ಗಳನ್ನು ಅಮೆರಿಕಕ್ಕೆ ಸಾಗಿಸಲಾಗಿತ್ತು. 1974ರಲ್ಲಿ ಕೊಲಂಬಿಯಾ ರಫ್ತನ್ನು ನಿಷೇಧಿಸಿತು. ಕಾಡೂ ಕರಗಿದ್ದರಿಂದ ಈ ಪ್ರಾಣಿ ಇಂದು ತೀವ್ರ ಅಳಿವಿನಂಚಿನಲ್ಲಿದೆ.

ಮಾನವರಿಗೆ ಲಸಿಕೆ ಮಾತ್ರ ಇನ್ನೂ ದೊರೆತಿಲ್ಲ. 2007ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಲಸಿಕೆ ಪಡೆದ ಯುವಜನರಲ್ಲಿ ಗ್ರಂಥಿ ಜ್ವರ ಗಣನೀಯವಾಗಿ ತಗ್ಗಿತು, ಸೋಂಕು ನಿಲ್ಲಲಿಲ್ಲ. ಎಪ್ಸ್‌ಟೀನ್ 2024ರ ಫೆಬ್ರುವರಿಯಲ್ಲಿ, ತಮ್ಮ 102ನೆಯ ವಯಸ್ಸಿನಲ್ಲಿ ನಿಧನರಾದರು. ಆ ವೇಳೆಗೆ ಹೊಸ ಲಸಿಕೆಗಳು ಮಾನವ ಪ್ರಯೋಗದ ಹಂತ ತಲುಪಿದ್ದವು.