ಗುಮಾಸ್ತರ ದಂಡಿನ ಟೊಪ್ಪಿಗೆ

ನಾಡು ಬಿಟ್ಟು ಬಂದವನಿಗೆ ತನ್ನ ನಾಡಿನ ಗುರುತನ್ನು ತಲೆಯ ಮೇಲೆ ಧರಿಸಬೇಕೆಂಬ ಆಸೆ ಸಹಜವಾದುದು. ಪರಸ್ಥಳದಲ್ಲಿ ಮೈಸೂರು ಪೇಟವನ್ನು ಕಂಡೊಡನೆ ನಮ್ಮ ಎದೆ ಹಿಗ್ಗುವುದಿಲ್ಲವೆ? ಕಲಕತ್ತೆಯ ಸ್ಕಾಟರೂ ಇದಕ್ಕೆ ಹೊರತಾಗಿರಲಿಲ್ಲ. ಸೆಣಬಿನ ಗಿರಣಿಗಳಿಗೂ ವರ್ತಕರ ಕಚೇರಿಗಳಿಗೂ ಉದ್ಯೋಗವನ್ನರಸಿ ಬಂದ ಆ ಜನ 1914ರಲ್ಲಿ ‘ಕಲಕತ್ತಾ ಸ್ಕಾಟಿಷ್’ ಎಂಬ ಸ್ವಯಂಸೇವಕ ದಂಡನ್ನು ಕಟ್ಟಿದರು. ಕೆಲಸದ ವೇಳೆಯಲ್ಲಿ ಲೆಕ್ಕದ ಪುಸ್ತಕ, ಬಿಡುವಿನಲ್ಲಿ ಕವಾಯತು. 1920ರ ಕಾನೂನಿನ ಮೇರೆಗೆ ಅದು ಸರಕಾರದ ಸಹಾಯಕ ಪಡೆಗೆ ಸೇರಿತು. ಆ ಪಡೆಯ ಬಾಗಿಲು ಭಾರತೀಯನಿಗೆ ಮುಚ್ಚಿದ್ದಿತೆಂಬುದನ್ನು ಮಾತ್ರ ನಾವು ಮರೆಯಲಾಗದು. 1947ರಲ್ಲಿ ದಂಡು ವಿಸರ್ಜನೆಗೊಂಡಿತು.

ಬಾಳಿದ್ದು ಮೂವತ್ತಮೂರೇ ವರ್ಷ, ಜನವೂ ಕಡಿಮೆ. ಆದುದರಿಂದಲೇ ಆ ದಂಡಿನ ಟೊಪ್ಪಿಗೆಗಳು ಇಂದು ಸಂಗ್ರಾಹಕರಿಗೆ ದುರ್ಲಭವಾಗಿವೆ. ಸ್ಕಾಟರ ‘ಗ್ಲೆನ್‌ಗ್ಯಾರಿ’ ದೋಣಿಯಾಕಾರದ ಉಣ್ಣೆಯ ಟೊಪ್ಪಿಗೆ. ನೆತ್ತಿಯಲ್ಲಿ ಕುಚ್ಚು, ಹಿಂದೆ ಇಳಿಬಿದ್ದ ಎರಡು ಪಟ್ಟಿ, ಎಡಗಡೆ ದಂಡಿನ ಬಿಲ್ಲೆ.

ಸೆಕ್ಟರ್ ಫೈವಿನ ಕಚೇರಿಗಳಲ್ಲೂ ಅಲ್ಲಿನ ಹೋಟೆಲುಗಳಲ್ಲೂ ದುಡಿಯುವ ನಮ್ಮವರು ಇಂಥದನ್ನು ಅಲ್ಲಿ ಹುಡುಕಿ ಫಲವಿಲ್ಲ. ಹೂಗ್ಲಿಯ ಹೂಳನ್ನು ಜೌಗಿಗೆ ತುಂಬಿ 1960ರ ದಶಕದಿಂದೀಚೆಗೆ ಎಬ್ಬಿಸಿದ ನಗರವದು. ಅಲ್ಲಿ ಅಜ್ಜನ ಪೆಟ್ಟಿಗೆಗಳಿಲ್ಲ. ಆದರೆ 2025ರ ಆಗಸ್ಟಿನಿಂದ ಅಲ್ಲಿಯ ಮೆಟ್ರೋ ನೇರವಾಗಿ ಮಹಾಕರಣಕ್ಕೆ ಹೋಗುತ್ತದೆ. ಮೇಲೆ ಬಂದರೆ 1818ರಲ್ಲಿ ತೆರೆದ ಸ್ಕಾಟರ ಸೇಂಟ್ ಆಂಡ್ರೂಸ್ ದೇವಾಲಯ ಸಮೀಪದಲ್ಲೇ ಇದೆ. ಹಳೆಯ ಮನೆಗಳ ಸಾಮಾನು ಬಿಕರಿಯಾಗುವ ರಸೆಲ್ ಎಕ್ಸ್‌ಚೇಂಜ್ ಹರಾಜು ಮನೆ ರಸೆಲ್ ಬೀದಿಯಲ್ಲಿದೆ. ಇಂಥ ಕಡೆಗಳಲ್ಲಿ ಕಣ್ಣು ತೆರೆದು ನಡೆಯಬೇಕು.

ಅಲ್ಪ ಸಂಬಳದವರು ಮೋಸಹೋಗದಂತೆ ಎಚ್ಚರ ವಹಿಸುವುದು ಅವಶ್ಯ. ಬಿಲ್ಲೆಯನ್ನು ಹೊಸದಾಗಿ ಅಚ್ಚೊತ್ತಿ, ಯಾವುದೋ ಟೊಪ್ಪಿಗೆಗೆ ಸಿಕ್ಕಿಸಿ ಮಾರುವವರುಂಟು. ಬಿಲ್ಲೆ ಹೊಳೆದಷ್ಟೂ ಸಂಶಯ ಹೆಚ್ಚಲಿ. ಒಳಪದರದ ಸವೆತವನ್ನು, ಹೊಲಿಗೆಯನ್ನು ನೋಡಿರಿ. ಕೊಂಡ ಮೇಲೆ ನಾವು ಹಿತ್ತಾಳೆಯ ಲೋಟವನ್ನು ಹುಣಸೆಹುಳಿಯಿಂದ ಬೆಳಗುವಂತೆ ಬಿಲ್ಲೆಯನ್ನು ತಿಕ್ಕಬಾರದು, ಅಕ್ಷರಗಳೇ ಸವೆದುಹೋಗುತ್ತವೆ. ಉಣ್ಣೆಯನ್ನು ಒಗೆಯಲೂ ಬಾರದು. ಕಲಕತ್ತೆಯ ತೇವ ಹಾಗೂ ನುಸಿ ಅದರ ಕಡುವೈರಿಗಳು.

ಕಾನೂನಿನ ಮಾತೊಂದಿದೆ. ನೂರು ವರ್ಷ ತುಂಬಿದ, ಚಾರಿತ್ರಿಕ ಮಹತ್ವವುಳ್ಳ ವಸ್ತುವನ್ನು ಖಾಸಗಿಯವರು ಪರದೇಶಕ್ಕೆ ಸಾಗಿಸುವುದನ್ನು 1972ರ ಪ್ರಾಚೀನ ವಸ್ತುಗಳ ಕಾಯಿದೆ ತಡೆಯುತ್ತದೆ. 1914ರ ಟೊಪ್ಪಿಗೆಗೆ ಆ ವಯಸ್ಸು ಕಳೆದಿದೆ. ವಿದೇಶದ ಹಣದಾಸೆಗೆ ಅಂಚೆಯಲ್ಲಿ ಕಳಿಸಿದರೆ ತೊಂದರೆ ತಪ್ಪಿದ್ದಲ್ಲ.

ಎಲ್ಲಕ್ಕೂ ಮಿಗಿಲಾದುದು ಹೆಸರು. ಒಳಪದರದಲ್ಲಿ ತೊಟ್ಟವನ ಹೆಸರೋ ಅಂಕಿಯೋ ಇದ್ದರೆ ಅದನ್ನು ಅಳಿಸಗೊಡಬೇಡಿರಿ. ಮಾರಿದವನು ಹೇಳಿದ ವೃತ್ತಾಂತವನ್ನು ದಿನಾಂಕದೊಡನೆ ಚೀಟಿಯಲ್ಲಿ ಬರೆದು ಜೊತೆಗಿಡಿರಿ. ಹೆಸರಿದ್ದರೆ ಅದು ಚರಿತ್ರೆ. ಹೆಸರಿಲ್ಲದಿದ್ದರೆ ಹಳೆಯ ಅರಿವೆ. ಆಳಿದವರ ಗುಮಾಸ್ತರ ಟೊಪ್ಪಿಗೆಗೇ ಇಷ್ಟು ಬೆಲೆಯಿರುವಾಗ, ಇಲ್ಲಿಗೆ ಮೊದಲು ಬಂದ ನಮ್ಮ ಹಿರಿಯರ ಪೇಟ, ಪೆಟ್ಟಿಗೆ, ಲೆಕ್ಕದ ಪುಸ್ತಕಗಳಿಗೆ ಬೆಲೆಯಿಲ್ಲವೆ? ಅವುಗಳ ಮೇಲೂ ಹೆಸರು ಬರೆದಿಡುವ ಕೆಲಸವನ್ನು ಇಂದೇ ತೊಡಗುವುದು ಮೇಲು.