‘ಸರ್ವರ್ ಇಲ್ಲ’ ಎಂದರೇನು?

ಪಹಣಿಯ ಪ್ರತಿಗೋ, ಪಡಿತರಕ್ಕೋ, ಆದಾಯದ ಪ್ರಮಾಣಪತ್ರಕ್ಕೋ ಹಳ್ಳಿಯಿಂದ ಬಂದವರು ಗಂಟೆಗಟ್ಟಲೆ ಸರದಿಯಲ್ಲಿ ನಿಂತು, ಕೊನೆಗೆ ‘ಸರ್ವರ್ ಇಲ್ಲ, ನಾಳೆ ಬನ್ನಿ’ ಎಂಬ ಉತ್ತರವನ್ನು ಪಡೆದು ಹಿಂದಿರುಗುವುದು ಹೊಸದುರ್ಗ, ಹೊಳಲ್ಕೆರೆಗಳ ಕಡೆಯವರಿಗೆ ಅಪರಿಚಿತವಾದ ಅನುಭವವೇನೂ ಅಲ್ಲ. ಆ ದಿನದ ಕೂಲಿ ಹೋಯಿತು; ಹೊಲದ ಕೆಲಸ ನಿಂತಿತು. ಗುಮಾಸ್ತನ ಮೇಲೆ ಸಿಟ್ಟಾಗಿಯೂ ಪ್ರಯೋಜನವಿಲ್ಲ. ಆತನಿಗೂ ಅದಕ್ಕಿಂತ ಹೆಚ್ಚು ತಿಳಿಯದು. ಆದರೆ ವಿಜ್ಞಾನದ ವಿದ್ಯಾರ್ಥಿಗಳಾದ ನಾವು ಇಲ್ಲಿಗೆ ಸುಮ್ಮನಾಗಬಾರದು. ಸರ್ವರ್ ಎಂಬುದು ಒಂದು ಗಣಕಯಂತ್ರ. ಅದು ‘ಇಲ್ಲ’ವಾದುದು ಹೇಗೆ? ಯಾರಾದರೂ ಹೊತ್ತುಕೊಂಡು ಹೋದರೆ?

ಹಿರಿಯೂರಿನ ಅಚ್ಚುಕಟ್ಟಿನಲ್ಲಿ ನಾಲೆಯ ಕೊನೆಯ ಭಾಗದಲ್ಲಿ ಗದ್ದೆಯುಳ್ಳ ರೈತನೂ ಹೀಗೆಯೇ ‘ನೀರಿಲ್ಲ’ ಎನ್ನುತ್ತಾನೆ. ಅವನ ಮಾತು ನಿಜ. ಆದರೆ ಆ ಒಂದು ಮಾತಿನಲ್ಲಿ ನಾಲ್ಕಾರು ಬೇರೆ ಬೇರೆ ಸಂಗತಿಗಳು ಅಡಗಿರಬಹುದು. ವಾಣೀವಿಲಾಸ ಸಾಗರದಲ್ಲಿಯೇ ನೀರು ತಗ್ಗಿರಬಹುದು. ತೂಬನ್ನು ಎತ್ತದೆ ಇದ್ದಿರಬಹುದು. ನಾಲೆ ಎಲ್ಲಿಯೋ ಒಡೆದಿರಬಹುದು. ಮೇಲಿನ ಗದ್ದೆಯವರು ತಮ್ಮ ಸರದಿಗಿಂತ ಹೆಚ್ಚು ಹರಿಸಿಕೊಂಡಿರಬಹುದು. ಯಾವುದು ನಿಜವೆಂಬುದು ಅಣೆಕಟ್ಟಿನ ಬಳಿ, ತೂಬಿನ ಬಳಿ, ನಾಲೆಯುದ್ದಕ್ಕೂ ಅಳತೆಗೋಲುಗಳಿದ್ದರೆ ಮಾತ್ರ ತಿಳಿಯುತ್ತದೆ. ಗಣಕಯಂತ್ರಗಳ ಕಾರ್ಯಸಾಮರ್ಥ್ಯವನ್ನು ನಿರಂತರವಾಗಿ ಅಳೆಯುವ ವ್ಯವಸ್ಥೆಯೆಂದರೆ ಇಂತಹ ಅಳತೆಗೋಲುಗಳ ಸಾಲು. ಅವನ್ನು ಎಲ್ಲಿ ನೆಡಬೇಕೆಂಬುದು ಮೇಲುನೋಟಕ್ಕೆ ಕಾಣುವಷ್ಟು ಸರಳವಾದ ಪ್ರಶ್ನೆಯಲ್ಲ.

ಮೊದಲು ಯಂತ್ರ ಎಲ್ಲಿದೆ ಎಂಬುದನ್ನು ನೋಡೋಣ. ಕರ್ನಾಟಕದ ‘ಭೂಮಿ’ ಯೋಜನೆಯಲ್ಲಿ ಸುಮಾರು ೨೦೦೦ದ ವೇಳೆಗೆ ಪಹಣಿಗಳನ್ನು ಗಣಕಕ್ಕೆ ಏರಿಸಿದಾಗ, ಆಯಾ ತಾಲ್ಲೂಕಿನ ದಾಖಲೆಗಳು ಆಯಾ ತಾಲ್ಲೂಕು ಕಚೇರಿಯ ಯಂತ್ರದಲ್ಲಿಯೇ ಇದ್ದವು. ಹೊಸದುರ್ಗದ ಯಂತ್ರ ಕೆಟ್ಟರೆ ಹೊಳಲ್ಕೆರೆಗೆ ಅದರ ಬಿಸಿ ತಟ್ಟುತ್ತಿರಲಿಲ್ಲ. ಮುಂದಿನ ವರ್ಷಗಳಲ್ಲಿ ದಾಖಲೆಗಳು ಬೆಂಗಳೂರಿನ ದತ್ತಾಂಶ ಕೇಂದ್ರಕ್ಕೆ ಹೋದವು. ಕೃಷಿ ಮಾರುಕಟ್ಟೆಗಳಿಗಾಗಿ ೨೦೧೪ರಲ್ಲಿ ಆರಂಭವಾದ ಏಕೀಕೃತ ಮಾರುಕಟ್ಟೆ ವೇದಿಕೆಯೂ ಇದೇ ಜಾತಿಯದು. ರೈತನು ತಂದ ಮಾಲಿಗೆ ಒಂದು ಸಂಖ್ಯೆ ದೊರೆಯುತ್ತದೆ. ವರ್ತಕರು ಮಾಲನ್ನು ನೋಡಿ ತಮ್ಮ ದರವನ್ನು ಗಣಕದ ಮೂಲಕ ನಮೂದಿಸುತ್ತಾರೆ. ನಿಗದಿಯಾದ ವೇಳೆಗೆ ಟೆಂಡರು ಮುಗಿಯುತ್ತದೆ. ಕೊನೆಯ ಕೆಲವು ನಿಮಿಷಗಳವರೆಗೆ ಕಾಯುವುದು ವ್ಯಾಪಾರಿಯ ಸಹಜ ಸ್ವಭಾವವಾದುದರಿಂದ, ಆ ನಿಮಿಷಗಳಲ್ಲಿಯೇ ಯಂತ್ರದ ಮೇಲೆ ನೂಕುನುಗ್ಗಲು. ಆಗ ಉತ್ತರ ತಡವಾದರೆ ಒಬ್ಬ ವರ್ತಕನ ದರ ದಾಖಲಾಗದೆ ಉಳಿಯುತ್ತದೆ. ಆ ದರವೇ ಎಲ್ಲಕ್ಕಿಂತ ಹೆಚ್ಚಿನದಾಗಿದ್ದಲ್ಲಿ ನಷ್ಟ ಯಾರಿಗೆಂಬುದನ್ನು ಹೇಳಬೇಕಾಗಿಲ್ಲ.

ಯಂತ್ರವು ದೂರದಲ್ಲಿದೆ ಎಂಬುದೇ ತಡಕ್ಕೆ ಕಾರಣವೆಂದು ಕೆಲವರು ಭಾವಿಸುತ್ತಾರೆ. ಬೆಂಗಳೂರಿಗೂ ಚಿತ್ರದುರ್ಗಕ್ಕೂ ಇರುವ ದೂರ ಸುಮಾರು ೨೦೦ ಕಿಲೋಮೀಟರು. ಗಾಜಿನ ತಂತುವಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು ೨ ಲಕ್ಷ ಕಿಲೋಮೀಟರು ಸಾಗುತ್ತದೆ. ಹೋಗಿಬರಲು ಬೇಕಾದುದು ಸೆಕೆಂಡಿನ ಸಾವಿರದ ಎರಡು ಭಾಗ ಮಾತ್ರ. ತಂತು ಕಡಿದುಹೋದರೆ, ನಡುವಣ ಸಾಧನಗಳು ಮುಗ್ಗರಿಸಿದರೆ ಮಾತು ಬೇರೆ, ದೂರವಂತೂ ಅಪರಾಧಿಯಲ್ಲ.

ಇನ್ನು ಯಂತ್ರದ ವಿಷಯ. ಇಂದಿನ ದತ್ತಾಂಶ ಕೇಂದ್ರದಲ್ಲಿ ಒಂದು ತಂತ್ರಾಂಶಕ್ಕೆ ಒಂದು ಯಂತ್ರವನ್ನು ಮೀಸಲಿಡುವುದು ವಿರಳ. ದೊಡ್ಡದೊಂದು ಯಂತ್ರವನ್ನು ತೆಗೆದುಕೊಂಡು, ‘ಹೈಪರ್‌ವೈಸರ್’ ಎಂಬ ಮೇಲ್ವಿಚಾರಕ ತಂತ್ರಾಂಶದ ನೆರವಿನಿಂದ ಅದನ್ನು ಹತ್ತಾರು ಯಂತ್ರಗಳಂತೆ ತೋರುವ ಹಾಗೆ ಮಾಡುತ್ತಾರೆ. ಇವೇ ವರ್ಚುಯಲ್ ಮೆಷಿನ್‌ಗಳು. ನಾವು ಮಿಥ್ಯಾಯಂತ್ರಗಳೆಂದು ಕರೆಯೋಣ. ದ್ಯುತಿಶಾಸ್ತ್ರದಲ್ಲಿ ಕನ್ನಡಿಯ ಹಿಂದೆ ಕಾಣುವ ಮಿಥ್ಯಾಬಿಂಬವನ್ನು ವಾಚಕರು ಬಲ್ಲರು. ಅದನ್ನು ಪರದೆಯ ಮೇಲೆ ಹಿಡಿಯಲಾಗದು. ಮಿಥ್ಯಾಯಂತ್ರವಾದರೋ ನಿಜವಾಗಿಯೇ ಲೆಕ್ಕ ಮಾಡುತ್ತದೆ. ಹೆಸರಿನ ಹೋಲಿಕೆಯನ್ನು ಅಷ್ಟಕ್ಕೇ ಬಿಡುವುದು ಲೇಸು. ಈ ಕಲ್ಪನೆ ಹೊಸದಲ್ಲ. ಐ.ಬಿ.ಎಂ. ಸಂಸ್ಥೆಯವರು ಅಮೆರಿಕದ ಕೇಂಬ್ರಿಜ್‌ನಲ್ಲಿ ೧೯೬೦ರ ದಶಕದಲ್ಲಿಯೇ ಇದನ್ನು ಸಾಧಿಸಿ, ೧೯೭೨ರಲ್ಲಿ ‘ವಿಎಂ/೩೭೦’ ಎಂಬ ಹೆಸರಿನಿಂದ ಮಾರುಕಟ್ಟೆಗೆ ತಂದರು.

ಮಿಥ್ಯಾಯಂತ್ರದೊಳಗೆ ನಡೆಯುತ್ತಿರುವ ತಂತ್ರಾಂಶಕ್ಕೆ ತಾನು ಒಂದು ಪೂರ್ಣ ಯಂತ್ರದ ಒಡೆಯನೆಂಬ ಭ್ರಮೆ ಇರುತ್ತದೆ. ವಾಸ್ತವವಾಗಿ ಮೇಲ್ವಿಚಾರಕನು ಸೆಕೆಂಡಿನ ಸಣ್ಣ ಸಣ್ಣ ಚೂರುಗಳನ್ನು ಒಬ್ಬರಾದ ಮೇಲೆ ಒಬ್ಬರಿಗೆ ಹಂಚುತ್ತಿರುತ್ತಾನೆ, ನೀರುಗಂಟಿಯು ನೀರನ್ನು ಸರದಿಯ ಮೇಲೆ ಬಿಡುವಂತೆ. ಒಂದು ಮಿಥ್ಯಾಯಂತ್ರಕ್ಕೆ ಕೆಲಸವಿದ್ದೂ ಸರದಿ ಬಾರದೆ ನಿಂತ ಕಾಲಕ್ಕೆ ಈ ವಿದ್ಯೆಯವರು ‘ಸ್ಟೀಲ್ ಟೈಮ್’ ಎನ್ನುತ್ತಾರೆ. ಕಳುವಾದ ಕಾಲವೆಂದು ಅರ್ಥ. ಈ ಕಳವಿನ ಪರಿಣಾಮವೇನೆಂಬುದೇ ನಮ್ಮ ಲೇಖನದ ತಿರುಳು.

ಒಂದು ವ್ಯಾಪಾರ ತಂತ್ರಾಂಶವನ್ನು ಊಹಿಸಿಕೊಳ್ಳೋಣ. ಭೀಮಸಮುದ್ರದ ಅಡಿಕೆ ವ್ಯಾಪಾರದ ರಸೀದಿಗಳನ್ನು ಬರೆಯುವಂತಹುದೆಂದು ಬೇಕಾದರೆ ಎಣಿಸಬಹುದು. ಒಂದು ಬೇಡಿಕೆಯನ್ನು ಪೂರೈಸಲು ಅದಕ್ಕೆ ಸರಾಸರಿ ೦.೨ ಸೆಕೆಂಡು ಬೇಕು. ಅಂದರೆ ಸೆಕೆಂಡಿಗೆ ೫ ಬೇಡಿಕೆಗಳನ್ನು ಪೂರೈಸಬಲ್ಲದು. ಬರುತ್ತಿರುವುದು ಸೆಕೆಂಡಿಗೆ ೪. ಐದರ ಶಕ್ತಿಯಿದ್ದು ನಾಲ್ಕು ಬಂದರೆ ತೊಂದರೆಯೇನೆಂದು ಕೇಳಬಹುದು. ಬೇಡಿಕೆಗಳು ಶಿಸ್ತಿನಿಂದ ಕಾಲು ಸೆಕೆಂಡಿಗೊಂದರಂತೆ ಬರುವುದಿಲ್ಲ. ಸಂತೆಗೆ ಜನ ಬರುವಂತೆ ಒಮ್ಮೆ ಗುಂಪಾಗಿ, ಒಮ್ಮೆ ವಿರಳವಾಗಿ ಬರುತ್ತವೆ. ಕೆಲವು ಬೇಡಿಕೆಗಳಿಗೆ ಕೆಲಸ ಕಡಿಮೆ, ಕೆಲವಕ್ಕೆ ಹೆಚ್ಚು. ಕೋಪನ್‌ಹೇಗನ್ ನಗರದ ದೂರವಾಣಿಗಳ ಸಂಬಂಧದಲ್ಲಿ ಎರ್ಲಾಂಗ್ ಎಂಬ ಡೆನ್ಮಾರ್ಕಿನ ಗಣಿತಜ್ಞನು ೧೯೦೯ರಲ್ಲಿ ಆರಂಭಿಸಿದ ಸರದಿಯ ಗಣಿತದ ಪ್ರಕಾರ, ಇಂತಹ ಅನಿಯತವಾದ ಸರದಿಯಲ್ಲಿ ಒಬ್ಬನು ಬಂದು ಕೆಲಸ ಮುಗಿಸಿಕೊಂಡು ಹೋಗಲು ಹಿಡಿಯುವ ಸರಾಸರಿ ಕಾಲವನ್ನು ಹೀಗೆ ಕಂಡುಹಿಡಿಯಬಹುದು: ಸೆಕೆಂಡಿಗೆ ಪೂರೈಸಬಲ್ಲ ಸಂಖ್ಯೆಯಿಂದ ಸೆಕೆಂಡಿಗೆ ಬರುವ ಸಂಖ್ಯೆಯನ್ನು ಕಳೆದು, ಉಳಿದುದರಿಂದ ೧ನ್ನು ಭಾಗಿಸತಕ್ಕದ್ದು. ೫ರಲ್ಲಿ ೪ ಕಳೆದರೆ ೧; ಕಾಲ ೧ ಸೆಕೆಂಡು. ಯಾರೂ ದೂರುವುದಿಲ್ಲ.

ಈಗ ಅದೇ ಯಂತ್ರದ ಮೇಲಿರುವ ನೆರೆಯ ಮಿಥ್ಯಾಯಂತ್ರವೊಂದು ಭಾರೀ ಲೆಕ್ಕಕ್ಕೆ ತೊಡಗಿತೆನ್ನೋಣ. ನಮ್ಮ ತಂತ್ರಾಂಶವು ದುಡಿಯಬಯಸಿದ ಕಾಲದಲ್ಲಿ ನೂರಕ್ಕೆ ೧೫ರಷ್ಟು ಕಳುವಾಗುತ್ತಿದೆ. ಅದರ ಶಕ್ತಿ ೫ರಿಂದ ೪.೨೫ಕ್ಕೆ ಇಳಿಯಿತು. ೪.೨೫ರಲ್ಲಿ ೪ ಕಳೆದರೆ ೦.೨೫, ಕಾಲ ೪ ಸೆಕೆಂಡು! ಕಳುವಾದುದು ಆರನೆಯ ಒಂದು ಭಾಗಕ್ಕಿಂತ ಕಡಿಮೆ. ಕಾಯುವ ಕಾಲವಾದರೋ ನಾಲ್ಕುಪಟ್ಟಾಯಿತು. ಕಳವು ನೂರಕ್ಕೆ ೨೦ನ್ನು ಮುಟ್ಟಿದರೆ ಶಕ್ತಿ ೪, ಬೇಡಿಕೆಯೂ ೪. ಆಗ ಸರದಿ ಬೆಳೆಯುತ್ತಲೇ ಹೋಗುತ್ತದೆ. ಗವಾಕ್ಷದ ಬಳಿ ‘ಸರ್ವರ್ ಇಲ್ಲ’ ಎಂಬ ಮಾತು ಹುಟ್ಟುವುದು ಇಂತಹ ಗಳಿಗೆಯಲ್ಲಿ.

ಇದಕ್ಕಿಂತ ವಿಚಿತ್ರವಾದ ಸಂಗತಿಯೊಂದುಂಟು. ತಂತ್ರಾಂಶವನ್ನು ನಡೆಸುವವರು ಸಾಮಾನ್ಯವಾಗಿ ನೋಡುವುದು ಸಂಸ್ಕಾರಕವು ನೂರಕ್ಕೆ ಎಷ್ಟು ಪಾಲು ದುಡಿಯುತ್ತಿದೆ ಎಂಬ ಒಂದು ಅಂಕಿಯನ್ನು. ಕಳವು ಇಲ್ಲದಿದ್ದಾಗ ಅದು ಎಷ್ಟು? ಸೆಕೆಂಡಿಗೆ ೪ ಬೇಡಿಕೆ, ಒಂದೊಂದಕ್ಕೆ ೦.೨ ಸೆಕೆಂಡು, ಒಟ್ಟು ೦.೮. ಅಂದರೆ ನೂರಕ್ಕೆ ೮೦. ಕಳವು ಆರಂಭವಾದ ಮೇಲೆ? ಬೇಡಿಕೆ ಅಷ್ಟೇ, ಕೆಲಸವೂ ಅಷ್ಟೇ. ಆದುದರಿಂದ ಆಗಲೂ ೮೦! ಮುಳ್ಳು ಕದಲಲೇ ಇಲ್ಲ. ಜನ ಮಾತ್ರ ನಾಲ್ಕುಪಟ್ಟು ಕಾಯುತ್ತಿದ್ದಾರೆ. ಬದಲಾದುದು ಉಳಿದ ೨೦ರ ಹಂಚಿಕೆ. ಮೊದಲು ಅದು ಪೂರ್ತಿ ವಿರಾಮವಾಗಿತ್ತು. ಈಗ ಸುಮಾರು ೧೪ ಕಳವು, ೬ ವಿರಾಮ. ಕಳವನ್ನು ಬೇರೆಯಾಗಿ ಅಳೆಯದವನಿಗೆ ಇದು ಎಂದಿಗೂ ಕಾಣದು. ಕಿಟಕಿಗಳಿಲ್ಲದ ರೈಲುಗಾಡಿಯಲ್ಲಿ ಕುಳಿತವನಿಗೆ ಗಾಡಿಯ ಸಮವೇಗವು ತಿಳಿಯದಂತೆ, ತನ್ನೊಳಗನ್ನು ಮಾತ್ರ ನೋಡಿಕೊಳ್ಳುವ ಯಂತ್ರಕ್ಕೆ ತನ್ನ ಈ ಕೊರತೆ ತಿಳಿಯುವುದಿಲ್ಲ.

ತಂತ್ರಾಂಶವನ್ನು ರಚಿಸಿದವರು ‘ನಮ್ಮ ಅಂಕಿ ಎಂದಿನಂತೆ ೮೦ ಇದೆ, ದೋಷ ನಮ್ಮದಲ್ಲ’ ಎನ್ನುತ್ತಾರೆ. ದೊಡ್ಡ ಯಂತ್ರವನ್ನು ನೋಡಿಕೊಳ್ಳುವವರು ‘ನಮ್ಮ ಯಂತ್ರ ಸುಸ್ಥಿತಿಯಲ್ಲಿದೆ’ ಎನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ವ್ಯಾಜ್ಯವನ್ನು ತೀರ್ಮಾನಿಸಬಲ್ಲ ಅಂಕಿ ಮಾತ್ರ ಯಾರ ಪುಸ್ತಕದಲ್ಲಿಯೂ ಇಲ್ಲ. ಆದಕಾರಣ ಅಳತೆಗೋಲುಗಳು ಮೂರು ಎಡೆಗಳಲ್ಲಿರಬೇಕು. ಮಿಥ್ಯಾಯಂತ್ರದ ಒಳಗೊಂದು: ದುಡಿಮೆ, ಕಳವು, ಸ್ಮೃತಿಯ ಬಳಕೆ, ತಟ್ಟೆಗಾಗಿ ಕಾದ ಕಾಲ, ಸರದಿಯ ಉದ್ದ. ಅದನ್ನು ಹೊತ್ತ ದೊಡ್ಡ ಯಂತ್ರದ ಮೇಲೊಂದು. ಇದು ಅತ್ಯವಶ್ಯಕ, ಏಕೆಂದರೆ ಕೆಲವು ಮೇಲ್ವಿಚಾರಕ ತಂತ್ರಾಂಶಗಳು ಕಳವಿನ ಲೆಕ್ಕವನ್ನು ಒಳಗಿನವರಿಗೆ ತಾವಾಗಿ ತಿಳಿಸುವುದಿಲ್ಲ, ಹೊರಗಿನಿಂದಲೇ ಓದಬೇಕು. ಮೂರನೆಯದು, ನಮ್ಮ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದುದು, ಜನ ನಿಲ್ಲುವ ಗವಾಕ್ಷದ ಬಳಿ. ಹೊಸದುರ್ಗದಲ್ಲೊಂದು, ಹೊಳಲ್ಕೆರೆಯಲ್ಲೊಂದು ಸಣ್ಣ ಯಂತ್ರವನ್ನಿಟ್ಟು, ಅದು ನಿಮಿಷಕ್ಕೊಮ್ಮೆ ಗಿರಾಕಿಯಂತೆ ನಟಿಸಿ ಒಂದು ಪರೀಕ್ಷಾ ದಾಖಲೆಯನ್ನು ಬೇಡುತ್ತ, ಉತ್ತರಕ್ಕೆ ಹಿಡಿದ ಕಾಲವನ್ನು ಬರೆದಿಡುವಂತೆ ಮಾಡಬಹುದು. ಎರಡೂ ಊರುಗಳಲ್ಲಿ ಒಮ್ಮೆಗೇ ತಡವಾದರೆ ದೋಷ ಬಹುಶಃ ಕೇಂದ್ರದಲ್ಲಿ. ಒಂದರಲ್ಲಿ ಮಾತ್ರವಾದರೆ ಆ ಊರಿನ ತಂತಿಯಲ್ಲಿ.

ಮೂರು ಎಡೆಗಳ ಬರಹಗಳನ್ನು ಹೋಲಿಸಬೇಕಾದುದರಿಂದ ಗಡಿಯಾರಗಳು ಒಂದಾಗಿರತಕ್ಕದ್ದು. ಸರದಿಗಾಗಿ ನಿಂತು ನಿಂತು ನಡೆಯುವ ಮಿಥ್ಯಾಯಂತ್ರದ ಗಡಿಯಾರ ತಪ್ಪುವ ಸಂಭವ ಹೆಚ್ಚು. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯವು ಕಾಪಾಡಿಕೊಂಡು ಬಂದಿರುವ ಭಾರತೀಯ ಕಾಲಮಾನಕ್ಕೆ ಎಲ್ಲವನ್ನೂ ಹೊಂದಿಸಬಹುದು.

ಬರೆದಿಟ್ಟ ಅಂಕಿಗಳನ್ನು ಓದುವಾಗ ಸರಾಸರಿಯನ್ನು ನಂಬಿ ಕೆಡಬಾರದು. ೧೯೦೭ರಲ್ಲಿ ಮುಗಿದ ವಾಣೀವಿಲಾಸ ಸಾಗರವು ೧೯೩೩ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಕಂಡುದು ೨೦೨೨ರಲ್ಲಿ. ಈ ೮೯ ವರ್ಷಗಳ ನೀರಿನ ಮಟ್ಟದ ಸರಾಸರಿಯನ್ನು ಹಿಡಿದುಕೊಂಡು ಯಾವ ರೈತನೂ ಬಿತ್ತನೆಗೆ ಹೊರಡಲಾರ. ನಮ್ಮ ಉದಾಹರಣೆಗೇ ಬರೋಣ. ಸರಾಸರಿ ೪ ಸೆಕೆಂಡೆಂದೆವು. ಈ ಬಗೆಯ ಸರದಿಯಲ್ಲಿ ಕಾಲಗಳ ಹಂಚಿಕೆಯು ವಿಕಿರಣಶೀಲ ವಸ್ತುವಿನ ಕ್ಷಯದ ವಕ್ರರೇಖೆಯನ್ನೇ ಅನುಸರಿಸುತ್ತದೆ. ಅರ್ಧ ಜನರ ಕೆಲಸ ಸುಮಾರು ೨.೮ ಸೆಕೆಂಡಿನೊಳಗೆ ಮುಗಿಯುತ್ತದೆ; ಇಪ್ಪತ್ತರಲ್ಲೊಬ್ಬನು ೧೨ ಸೆಕೆಂಡು, ನೂರರಲ್ಲೊಬ್ಬನು ೧೮ ಸೆಕೆಂಡು ಮೀರಿ ಕಾಯುತ್ತಾನೆ. ಅಷ್ಟರೊಳಗೆ ಎಷ್ಟೋ ತಂತ್ರಾಂಶಗಳು ಬೇಸತ್ತು ಸಂಬಂಧವನ್ನು ಕಡಿದುಹಾಕುತ್ತವೆ. ಆದುದರಿಂದ ನೂರರಲ್ಲಿ ೯೫ ಮಂದಿಯ ಕೆಲಸ ಎಷ್ಟು ಕಾಲದೊಳಗೆ ಮುಗಿಯಿತು, ೯೯ ಮಂದಿಯದು ಎಷ್ಟರೊಳಗೆ ಎಂದು ಕೇಳುವುದು ವಿಹಿತ.

ಎಷ್ಟು ಹೊತ್ತಿಗೊಮ್ಮೆ ಅಳೆಯಬೇಕು? ಐದು ನಿಮಿಷಗಳಿಗೊಂದು ಸರಾಸರಿಯನ್ನು ಬರೆದರೆ ಸಾಕೆಂಬುದು ಹಳೆಯ ರೂಢಿ. ಟೆಂಡರಿನ ಕೊನೆಯ ೩೦ ಸೆಕೆಂಡು ಯಂತ್ರ ನೂರಕ್ಕೆ ನೂರು ದುಡಿದು, ಉಳಿದ ೨೭೦ ಸೆಕೆಂಡು ೨೦ರಷ್ಟೇ ದುಡಿದಿತ್ತೆನ್ನಿ. ಬರಹದಲ್ಲಿ ಕಾಣುವುದು ೨೮ ಮಾತ್ರ! ಹಾಗೆಂದು ಕ್ಷಣಕ್ಷಣಕ್ಕೂ ನೂರಾರು ಅಂಕಿಗಳನ್ನು ಬಾಚತೊಡಗಿದರೆ ಅಳೆಯುವ ಕೆಲಸವೇ ಯಂತ್ರಕ್ಕೆ ಹೊರೆಯಾಗುತ್ತದೆ. ಚಮಚ ನೀರಿನಲ್ಲಿ ದಪ್ಪ ಉಷ್ಣಮಾಪಕವನ್ನು ಅದ್ದಿ ನೀರನ್ನೇ ತಣ್ಣಗಾಗಿಸಿದ ವಿದ್ಯಾರ್ಥಿಗಳನ್ನು ನಾವು ಪ್ರಯೋಗಶಾಲೆಯಲ್ಲಿ ಪ್ರತಿವರ್ಷ ಕಾಣುತ್ತೇವೆ.

ಬೇಡಿಕೆಯ ಕಡೆಯಿಂದಲೂ ಕೆಡುಕು ಬರಬಹುದು. ಆಸ್ತಿ ನೋಂದಣಿಯ ‘ಕಾವೇರಿ ೨.೦’ ತಂತ್ರಾಂಶಕ್ಕೆ ೨೦೨೫ರ ಜನವರಿಯಲ್ಲಿ ಕಿಡಿಗೇಡಿಗಳು ಕೃತಕ ಬೇಡಿಕೆಗಳ ಪ್ರವಾಹವನ್ನೇ ಹರಿಸಿದರು. ನಿಜವಾದ ಗಿರಾಕಿಗಳು ಹೊರಗುಳಿದರು. ಮಾಮೂಲಿ ದಿನಗಳ ಬೇಡಿಕೆ ಎಷ್ಟೆಂಬ ಬರಹ ಮೊದಲೇ ಇದ್ದಲ್ಲಿ ಮಾತ್ರ ಇದು ಜಾತ್ರೆಯೋ ದಾಳಿಯೋ ಎಂಬುದನ್ನು ಬೇಗ ಗುರುತಿಸಬಹುದು.

ಕಳುವಾದ ಕಾಲವನ್ನು ಕಣ್ಣಾರೆ ನೋಡಬಯಸುವ ವಿದ್ಯಾರ್ಥಿಗಳಿಗೆ ಕಾಲೇಜಿನ ಒಂದು ಸಾಧಾರಣ ಗಣಕಯಂತ್ರವೇ ಸಾಕು. ಲಿನಕ್ಸ್ ವ್ಯವಸ್ಥೆಯಲ್ಲಿ ಉಚಿತವಾಗಿ ದೊರೆಯುವ ಕೆವಿಎಂ ಎಂಬ ಮೇಲ್ವಿಚಾರಕದ ನೆರವಿನಿಂದ, ಅದರೊಳಗೂ ಲಿನಕ್ಸ್ ಇರುವ ಎರಡು ಮಿಥ್ಯಾಯಂತ್ರಗಳನ್ನು ಮಾಡಿ, ಒಂದೊಂದಕ್ಕೂ ಒಂದೇ ಸಂಸ್ಕಾರಕವನ್ನು ಕೊಟ್ಟು, ಎರಡನ್ನೂ ನಿಜಯಂತ್ರದ ಒಂದೇ ತಿರುಳಿಗೆ ಕಟ್ಟಿಹಾಕಬೇಕು. ಇಲ್ಲದಿದ್ದರೆ ಅವು ಬೇರೆ ಬೇರೆ ತಿರುಳುಗಳಿಗೆ ಹೋಗಿ ಪ್ರಯೋಗ ಕೆಡುತ್ತದೆ. ಮೊದಲನೆಯದರಲ್ಲಿ ಮುಗಿಯದ ಲೆಕ್ಕವೊಂದನ್ನು ಹಚ್ಚಿ, ‘ಟಾಪ್’ ಎಂಬ ಆದೇಶವನ್ನು ಕೊಟ್ಟು, ಮೇಲಿನ ಸಾಲಿನ ಕೊನೆಯಲ್ಲಿ ‘ಎಸ್‌ಟಿ’ ಎಂಬ ಅಕ್ಷರಗಳ ಬಳಿಯ ಅಂಕಿಯನ್ನು ನೋಡಿ. ಅದು ಸೊನ್ನೆಯ ಹತ್ತಿರವಿರುತ್ತದೆ. ಬಳಿಕ ಎರಡನೆಯದರಲ್ಲಿಯೂ ಅಂತಹುದೇ ಲೆಕ್ಕವನ್ನು ಹಚ್ಚಿ. ಮೊದಲನೆಯ ಯಂತ್ರವನ್ನು ಯಾರೂ ಮುಟ್ಟದಿದ್ದರೂ ಅದರ ‘ಎಸ್‌ಟಿ’ ಕೆಲವೇ ಸೆಕೆಂಡುಗಳಲ್ಲಿ ೫೦ರ ಸಮೀಪಕ್ಕೆ ಏರುವುದು ಕಾಣುತ್ತದೆ.