ಚಂದ್ರನ ಮರೆಯ ಮೌನ

ಹಾಡು ಎಂದರೆ ಅದನ್ನು ಹಾಡುವವರು ಇರಲೇಬೇಕೆ? ಬೇಕಿಲ್ಲ ಎನ್ನುತ್ತದೆ, ಪಾಶ್ಚಾತ್ಯ ರಾಕ್ ಸಂಗೀತದ ಒಂದು ಕವಲು. ಅದರ ಹೆಸರು ‘ಪೋಸ್ಟ್-ರಾಕ್’. 1994ರಲ್ಲಿ ಬ್ರಿಟಿಷ್ ವಿಮರ್ಶಕ ಸೈಮನ್ ರೆನಾಲ್ಡ್ಸ್ ಈ ಹೆಸರನ್ನು ಪ್ರಚಾರಕ್ಕೆ ತಂದರು. ವಾದ್ಯಗಳೇನೋ ರಾಕ್ ಸಂಗೀತದವೇ: ಗಿಟಾರ್, ಡ್ರಮ್ಸ್. ಆದರೆ ಪಲ್ಲವಿ, ಚರಣಗಳ ಕಟ್ಟು ಸಡಿಲ. ಒಂದು ಸಣ್ಣ ನಾದ ಪದರ ಪದರವಾಗಿ ನಿಧಾನವಾಗಿ ಬೆಳೆಯುತ್ತದೆ. ಎಷ್ಟೋ ರಚನೆಗಳಲ್ಲಿ ಗಾಯನವೇ ಇರುವುದಿಲ್ಲ.

ಇಂಥ ಸಂಗೀತ ಚರಿತ್ರೆಯನ್ನು ಹೇಳಬಲ್ಲದೆ? ಈ ಬಗೆಗೆ ಹತ್ತಿರವಾದ ಲಂಡನ್ನಿನ ‘ಪಬ್ಲಿಕ್ ಸರ್ವಿಸ್ ಬ್ರಾಡ್‌ಕಾಸ್ಟಿಂಗ್’ ತಂಡ 2015ರಲ್ಲಿ ‘ದ ರೇಸ್ ಫಾರ್ ಸ್ಪೇಸ್’ ಎಂಬ ಧ್ವನಿಮುದ್ರಿಕೆಯನ್ನು ಹೊರತಂದಿತು. ಇದರಲ್ಲಿ ಗಾಯಕರ ಸ್ಥಾನವನ್ನು ಬಹುಮಟ್ಟಿಗೆ ಹಳೆಯ ಚಿತ್ರ ಹಾಗೂ ಧ್ವನಿ ಸಂಗ್ರಹಗಳ ನಿಜವಾದ ಮಾತುಗಳು ತುಂಬುತ್ತವೆ. 1957ರ ಸ್ಪುಟ್ನಿಕ್, 1961ರ ಗಗಾರಿನ್ ಯಾನ, 1967ರಲ್ಲಿ ಮೂವರು ಗಗನಯಾತ್ರಿಗಳನ್ನು ಬಲಿತೆಗೆದುಕೊಂಡ ಅಪೋಲೊ 1ರ ಬೆಂಕಿ, 1972ರ ಅಪೋಲೊ 17, ಹೀಗೆ ರಷ್ಯಾ, ಅಮೆರಿಕಗಳ ಕಥೆ ಒಟ್ಟು 9 ರಚನೆಗಳಲ್ಲಿ ಸಾಗುತ್ತದೆ.

ಇವುಗಳಲ್ಲಿ ‘ದಿ ಅದರ್ ಸೈಡ್’ ಎಂಬುದನ್ನು ವಿಶೇಷವಾಗಿ ಕೇಳಬೇಕು. ಅದರ ವಸ್ತು, 1968ರ ಡಿಸೆಂಬರ್ 24ರಂದು ಅಪೋಲೊ 8 ಚಂದ್ರನ ಕಕ್ಷೆಯನ್ನು ಸೇರಿದ ಘಟನೆ. ನೌಕೆಯಲ್ಲಿದ್ದವರು ಬೋರ್ಮನ್, ಲೊವೆಲ್ ಮತ್ತು ಆಂಡರ್ಸ್. ರೇಡಿಯೋ ತರಂಗಗಳು ಚಂದ್ರನನ್ನು ಹಾಯ್ದು ಬರಲಾರವು. ಆದ್ದರಿಂದ ನೌಕೆ ಚಂದ್ರನ ಮರೆಗೆ ಸರಿದೊಡನೆ ಭೂಮಿಯ ಸಂಪರ್ಕ ಕಡಿಯಿತು. ವೇಗ ತಗ್ಗಿಸುವ ಎಂಜಿನ್ ಉರಿಯಬೇಕಾಗಿದ್ದುದು ಆ ಮರೆಯಲ್ಲೇ, ನಾಲ್ಕು ನಿಮಿಷಕ್ಕೂ ತುಸು ಹೆಚ್ಚು ಕಾಲ! ಅದು ಅತಿಯಾಗಿ ಉರಿದಿದ್ದರೆ ನೌಕೆ ಚಂದ್ರನಿಗೇ ಅಪ್ಪಳಿಸುತ್ತಿತ್ತು. ಉರಿಯದೇ ಹೋಗಿದ್ದರೆ ಅದೇ ವೇಗದಲ್ಲಿ ಮುಂದೆ ಸಾಗಿ, ನಿಗದಿತ ಸಮಯಕ್ಕಿಂತ ಮೊದಲೇ ಹೊರಬರುತ್ತಿತ್ತು. ಅಂದರೆ ದನಿ ಬೇಗ ಕೇಳಿಸಿದರೂ ಕೆಟ್ಟ ಸುದ್ದಿಯೇ. ಹ್ಯೂಸ್ಟನ್ನಿನ ನಿಯಂತ್ರಣ ಕೊಠಡಿ ಗಡಿಯಾರ ನೋಡುತ್ತ ಸುಮಾರು 35 ನಿಮಿಷ ಕಾಯಿತು.

ಸಂಗೀತ ಮಾಡುವುದೂ ಇದನ್ನೇ. ನೌಕೆ ಮರೆಯಾಯಿತೆಂದು ವೀಕ್ಷಕ ವಿವರಣೆಯ ದನಿ ಹೇಳುತ್ತಲೇ ವಾದ್ಯಗಳು ಒಂದೊಂದಾಗಿ ಅಡಗುತ್ತವೆ. ಕೊನೆಗೆ ಸಂಪರ್ಕ ಮರಳಿದ ಸುದ್ದಿಯೊಂದಿಗೆ ಇಡೀ ಮೇಳ ಉಕ್ಕಿಬರುತ್ತದೆ. ಆ ದೀರ್ಘ ನಿರೀಕ್ಷೆಯನ್ನು ಇಲ್ಲಿ ಬಹಳ ಕುಗ್ಗಿಸಲಾಗಿದೆ, ನಿಜ. ಆದರೂ ಅಂದಿನ ಮೌನದ ಭಾರ ನಮಗೆ ತಾಕುತ್ತದೆ.

2014ರ ಸೆಪ್ಟೆಂಬರ್ 24ರ ಬೆಳಗ್ಗೆ ಬೆಂಗಳೂರಿನ ಇಸ್ರೋ ನಿಯಂತ್ರಣ ಕೇಂದ್ರವೂ ಇಂಥದೇ ಮೌನವನ್ನು ಕಂಡಿತ್ತು. ಮಂಗಳಯಾನ ನೌಕೆಯ ಎಂಜಿನ್ ಉರಿಯುತ್ತಿದ್ದಾಗಲೇ ಅದು ಮಂಗಳನ ಮರೆಗೆ ಸರಿದಿತ್ತು. ಮರೆಯಿಂದ ಹೊರಬಂದ ಮೇಲೂ ಸಂಕೇತ ನಮ್ಮನ್ನು ತಲುಪಲು ಸುಮಾರು 12 ನಿಮಿಷ ಬೇಕಾಗಿತ್ತು.

ಪಠ್ಯಪುಸ್ತಕದಲ್ಲಿ ‘ಯಶಸ್ವಿಯಾಗಿ ಕಕ್ಷೆ ಸೇರಿತು’ ಎಂಬ ಒಂದೇ ವಾಕ್ಯವಿರುತ್ತದೆ. ಫಲಿತಾಂಶ ಗೊತ್ತಿರುವ ನಮಗೆ ಅದು ಸಹಜವೆನಿಸುತ್ತದೆ. ಅಲ್ಲಿದ್ದವರಿಗೆ ಫಲಿತಾಂಶ ಗೊತ್ತಿರಲಿಲ್ಲ. ಅವಕಾಶ ಸಿಕ್ಕರೆ ಈ ರಚನೆಯನ್ನು ಕೇಳಿ. ಆಮೇಲೆ ಚರಿತ್ರೆಯ ಯಾವುದೇ ಇಸವಿಯನ್ನು ಓದುವಾಗ, ಆ ಗಳಿಗೆಯಲ್ಲಿ ಅಲ್ಲಿದ್ದವರಿಗೆ ಏನೇನು ತಿಳಿದಿತ್ತು, ಏನು ತಿಳಿದಿರಲಿಲ್ಲ ಎಂದು ಒಮ್ಮೆ ಕೇಳಿಕೊಳ್ಳಿ.